ನಡವಳಿ ಪುಸ್ತಕದ ಖಾಲಿ ಜಾಗ: ಗ್ರಾಮ ಪಂಚಾಯಿತಿ ಸದಸ್ಯರು ಸಹಿ ಹಾಕುವ ಮುಂಚೆ

ಮೊದಲ ಸಲ ಪಂಚಾಯಿತಿಗೆ ಆರಿಸಿ ಬಂದಾಗ ನನಗೆ ಗೊತ್ತಿದ್ದದ್ದು ಎರಡೇ ವಿಷಯ. ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತದೆ, ಚರಂಡಿ ತುಂಬಿ ರಸ್ತೆಗೆ ಹರಿಯುತ್ತದೆ. ಇವೆರಡನ್ನು ಸರಿ ಮಾಡಿಸಬೇಕು ಅಂತ ಹೋದವಳು ನಾನು. ಮೂರನೇ ಸಭೆಯೋ ನಾಲ್ಕನೆಯದೋ ಇರಬೇಕು. ಮಧ್ಯಾಹ್ನ ಎರಡು ಗಂಟೆ, ಎಲ್ಲರಿಗೂ ಹಸಿವು. ಬಿಲ್ ಕಲೆಕ್ಟರ್ ಉದ್ದನೆಯ ನಡವಳಿ ಪುಸ್ತಕ, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಡುವ ಪುಸ್ತಕ, ತಂದು ಮುಂದಿಟ್ಟು, "ಅಕ್ಕಾ, ಇಲ್ಲೊಂದು ಸಹಿ ಹಾಕ್ಬಿಡಿ, ಠರಾವು ಆಮೇಲೆ ಬರ್ಕೊತೀವಿ" ಅಂದ. ಹಾಕಿದೆ. ನನ್ನ ಸಹಿಯ ಮೇಲೆ ಅರ್ಧ ಪುಟ ಖಾಲಿ ಇತ್ತು.

ಎಂಟು ತಿಂಗಳ ಮೇಲೆ ಆಡಿಟ್ ಪ್ಯಾರಾ, ಅಂದರೆ ಲೆಕ್ಕ ತಪಾಸಣೆಯವರ ಆಕ್ಷೇಪ, ಬಂತು. ಆ ಅರ್ಧ ಪುಟ ಈಗ ತುಂಬಿತ್ತು. ಕೊಳವೆಬಾವಿ ಮೋಟಾರು ರಿಪೇರಿ ಬಿಲ್ಲಿಗೆ ಸಭೆ ಸರ್ವಾನುಮತದಿಂದ ಒಪ್ಪಿದೆ ಅಂತ ಬರೆದಿತ್ತು. ಆ ಮೋಟಾರಿನ ಮಾತು ಸಭೆಯಲ್ಲಿ ಬಂದದ್ದೇ ನನಗೆ ನೆನಪಿಲ್ಲ. ಆದರೆ ಕೆಳಗೆ ಇದ್ದದ್ದು ನನ್ನದೇ ಸಹಿ, ನಾನೇ ಹಾಕಿದ್ದು.

ಹೊಸದಾಗಿ ಪಂಚಾಯಿತಿಗೆ ಬರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಯಾರೋ ಮೊದಲ ದಿನವೇ ಕೂರಿಸಿಕೊಂಡು ಹೇಳಬೇಕಾದ ಮಾತುಗಳು ಇವು. ನನಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಪುರಸಭೆ, ಪಾಲಿಕೆಗಳಿಗೆ ಬೇರೆ ಕಾಯ್ದೆ ಇದೆ, ಆದರೆ ಮೂಲ ಲೆಕ್ಕಾಚಾರ ಹೆಚ್ಚುಕಡಿಮೆ ಇದೇ.

ಹೆಜ್ಜೆ 1: ಕಾನೂನಿನ ಕಣ್ಣಲ್ಲಿ ನೀವು ಯಾರು ಅಂತ ತಿಳಿದುಕೊಳ್ಳಿ

ನೀವು ಬರೀ ಊರಿನ ಮೆಂಬರ್ ಅಲ್ಲ, ಸಾರ್ವಜನಿಕ ಸೇವಕರು. 1988ರ ಭ್ರಷ್ಟಾಚಾರ ತಡೆ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಮನೆ ಮಂಜೂರು ಮಾಡಿಸಲು, ಖಾತೆ ಮಾಡಿಸಲು ಅಂತ ಯಾರಿಂದಾದರೂ ದುಡ್ಡು ತೆಗೆದುಕೊಂಡರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. "ನಾನು ಕೇಳಲಿಲ್ಲ, ಅವರೇ ಖುಷಿಯಿಂದ ಕೊಟ್ಟರು" ಅನ್ನುವ ಮಾತು ಅಲ್ಲಿ ನಡೆಯಲ್ಲ.

ನಮ್ಮನ್ನು ಆಳುವ ಮುಖ್ಯ ಕಾಯ್ದೆ 1993ರದ್ದು. ಈಗ ಅದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಪುಸ್ತಕದ ಅಂಗಡಿಯಲ್ಲಿ ಕನ್ನಡದಲ್ಲೇ ಸಿಗುತ್ತದೆ, ಒಂದು ತಂದು ಮನೆಯಲ್ಲಿ ಇಟ್ಟುಕೊಳ್ಳಿ. ಪೂರ್ತಿ ಓದಬೇಕಾಗಿಲ್ಲ. 12, 43ಎ, 48, 49, ಈ ನಾಲ್ಕು ಪ್ರಕರಣ (ಸೆಕ್ಷನ್) ಓದಿದರೆ ಸಾಕು, ಯಾವ ಕಾರಣಕ್ಕೆ ನಿಮ್ಮ ಜಾಗ ಹೋಗಬಹುದು ಅನ್ನುವುದು ಮುಕ್ಕಾಲು ಪಾಲು ತಿಳಿಯುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಇದೆ. ಶಾಸಕರು ಸದನದಲ್ಲಿ ಏನೇ ಮಾತಾಡಿದರೂ ಅವರ ಮೇಲೆ ಕೇಸು ಹಾಕುವ ಹಾಗಿಲ್ಲ, ಸಂವಿಧಾನವೇ ಆ ರಕ್ಷಣೆ ಕೊಟ್ಟಿದೆ. ಪಂಚಾಯಿತಿ ಸದಸ್ಯರಿಗೆ ಅದು ಇಲ್ಲ. ಸಭೆಯಲ್ಲಿ ಎದ್ದು ನಿಂತು "ಇವನು ಕಳ್ಳ" ಅಂದರೆ ಮಾನನಷ್ಟದ ಕೇಸು ಬೀಳಬಹುದು. ಹಾಗಾಗಿ ಮನುಷ್ಯನ ಬಗ್ಗೆ ಮಾತಾಡಬೇಡಿ, ಬಿಲ್ಲಿನ ಬಗ್ಗೆ ಮಾತಾಡಿ. "ಈ ಬಿಲ್ಲಿನಲ್ಲಿ ಕೆಲಸ ಆದ ದಿನಾಂಕ ಇಲ್ಲ, ಫೋಟೊ ಇಲ್ಲ, ಪಾವತಿ ತಡೆಹಿಡಿಯಿರಿ" ಅನ್ನಿ. ಇದರ ಮೇಲೆ ಯಾರೂ ಕೇಸು ಹಾಕಲಾರರು, ಕೆಲಸವೂ ಆಗುತ್ತದೆ.

ಹೆಜ್ಜೆ 2: ಆಸ್ತಿ ವಿವರ

ಅವಧಿ ಶುರುವಾದ 3 ತಿಂಗಳೊಳಗೆ ಕೊಡಬೇಕು, ಆಮೇಲೆ ವರ್ಷ ವರ್ಷವೂ ಕೊಡಬೇಕು. ನಿಮ್ಮದಷ್ಟೇ ಅಲ್ಲ, ಅವಿಭಕ್ತ ಕುಟುಂಬದವರ ಆಸ್ತಿಯೂ ಅದರಲ್ಲಿ ಬರಬೇಕು. ಕೊಡದಿದ್ದರೆ, ಸುಳ್ಳು ಬರೆದರೆ ಸದಸ್ಯತ್ವಕ್ಕೇ ಕುತ್ತು. ಕೊಟ್ಟ ಮೇಲೆ ಸ್ವೀಕೃತಿ ಪಡೆದು ಫೈಲಿನಲ್ಲಿ ಹಾಕಿಡಿ. ಇಷ್ಟೇ ಕೆಲಸ, ಒಂದು ಸಂಜೆ ಸಾಕು.

ಹೆಜ್ಜೆ 3: ಸಭೆ, ಠರಾವು, ನಡವಳಿ

ಎಲ್ಲಕ್ಕಿಂತ ಮುಖ್ಯ ಇದು, ನಿಧಾನವಾಗಿ ಓದಿ.

ಸಭೆಗೆ ಮುಂಚೆ ಲಿಖಿತ ನೋಟಿಸ್ ಬರಬೇಕು, ಅದರ ಜೊತೆ ಅಜೆಂಡಾ ಇರಬೇಕು. ನೋಟಿಸಿಗೆ ಸಹಿ ಹಾಕುವಾಗ ನಿಮ್ಮ ಕೈಗೆ ಬಂದ ದಿನಾಂಕವನ್ನು ಸಹಿಯ ಕೆಳಗೆ ನೀವೇ ಬರೆಯಿರಿ. ಎಷ್ಟೋ ಕಡೆ ಸಭೆಯ ದಿನ ಬೆಳಿಗ್ಗೆ ನೋಟಿಸ್ ಕೊಟ್ಟು ವಾರದ ಹಿಂದಿನ ದಿನಾಂಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಜೆಂಡಾದಲ್ಲಿ ಇಲ್ಲದ ದೊಡ್ಡ ಖರ್ಚಿನ ವಿಷಯ "ಇತರೆ ವಿಷಯಗಳು" ಅನ್ನುವ ಕೊನೆಯ ಸಾಲಿನಲ್ಲಿ ನುಸುಳಿ ಬಂದರೆ, ಮುಂದಿನ ಸಭೆಗೆ ಇಡಿ ಅಂತ ಕೇಳಿ.

ಹಾಜರಿಗೆ ಸಹಿ ಹಾಕುವುದು ಬೇರೆ, ಠರಾವಿಗೆ ಒಪ್ಪುವುದು ಬೇರೆ. ಹಾಜರಿ ಸಹಿಯನ್ನು ಸಭೆ ಶುರುವಾದಾಗ ಹಾಕಿ, ನಿಮ್ಮ ಹೆಸರಿನ ಮುಂದೆ ಇರುವ ಸಾಲಿನಲ್ಲೇ ಹಾಕಿ. ನಡವಳಿಯಲ್ಲಿ ನಿಮ್ಮ ಸಹಿ ಬೇಕು ಅಂದರೆ ಠರಾವು ಪೂರ್ತಿ ಬರೆದು, ಓದಿ ಹೇಳಿದ ಮೇಲೆ. ಮೇಲೆ ಖಾಲಿ ಜಾಗ ಉಳಿದಿದ್ದರೆ? ನಾನು ಈಗ ಮಾಡುವುದು ಇದು: ಪೆನ್ನು ತೆಗೆದು ಆ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಅಡ್ಡ ಗೆರೆ ಎಳೆಯುತ್ತೇನೆ, ಆಮೇಲೆ ಸಹಿ. ಮೊದಲ ಸಲ ಗೆರೆ ಎಳೆದಾಗ ಇಡೀ ಸಭೆ ನನ್ನನ್ನೇ ನೋಡಿತು. ಪಕ್ಕದಲ್ಲಿದ್ದ ಹಿರಿಯ ಸದಸ್ಯರೊಬ್ಬರು "ಏನಮ್ಮಾ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರು. "ನಂಬಿಕೆ ಇದೆ ಅಣ್ಣ, ನಾಳೆ ಆಡಿಟ್ ಬಂದಾಗ ನೀವೂ ಸೇಫ್, ನಾನೂ ಸೇಫ್" ಅಂದೆ. ಎರಡು ತಿಂಗಳಾದ ಮೇಲೆ ಅವರೂ ಗೆರೆ ಎಳೆಯಲು ಶುರು ಮಾಡಿದರು.

ಒಂದು ಠರಾವಿಗೆ ನಿಮ್ಮ ಒಪ್ಪಿಗೆ ಇಲ್ಲ ಅಂದರೆ ಸುಮ್ನೆ ಕೂರಬೇಡಿ, ಎದ್ದು ಹೊರಗೆ ಹೋಗಬೇಡಿ. ಹೊರಗೆ ಹೋದರೆ ನಡವಳಿಯಲ್ಲಿ "ಸರ್ವಾನುಮತ" ಅಂತಲೇ ಬರುತ್ತದೆ. ಬಾಯಲ್ಲಿ ವಿರೋಧ ಹೇಳಿ, ಅದನ್ನು ನಡವಳಿಯಲ್ಲಿ ಬರೆಸಿ. ಬರೆಯಲು ಒಪ್ಪದಿದ್ದರೆ ಅವತ್ತೇ ಸಂಜೆಯೊಳಗೆ ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಸಹಿ ಹಾಕಿಸಿಕೊಳ್ಳಿ. ಅದಕ್ಕೂ ಒಪ್ಪದಿದ್ದರೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಪೋಸ್ಟಿನ ಚೀಟಿ ಬಿಸಾಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ಸದ್ಭಾವನೆಯಿಂದ, ಅಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೆ ಕಾನೂನು ರಕ್ಷಣೆ ಕೊಡುತ್ತದೆ. ಆದರೆ ದಂಡ ಸಂಹಿತೆಯಲ್ಲಿ ಸದ್ಭಾವನೆಗೆ ಒಂದು ಅರ್ಥ ಕೊಟ್ಟಿದ್ದಾರೆ: ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆ ಅಲ್ಲ. ಹಾಗಾಗಿ "ನಾನು ಓದಿರಲಿಲ್ಲ, ಕೇಳಿದರು, ಹಾಕಿದೆ" ಅನ್ನುವ ಉತ್ತರ ನಿಮ್ಮನ್ನು ಕಾಪಾಡುವ ಬದಲು ಇನ್ನೂ ಸಿಕ್ಕಿಸುತ್ತದೆ. ನಾನು ಮೋಟಾರಿನ ವಿಷಯದಲ್ಲಿ ಮೊದಲು ಕೊಟ್ಟದ್ದು ಇದೇ ಉತ್ತರ. ಪಂಚಾಯಿತಿ ಹಣ ಪೋಲಾದರೆ, ಅದಕ್ಕೆ ಒಪ್ಪಿದ ಸದಸ್ಯರಿಂದಲೇ ವಸೂಲಿ ಮಾಡುವ ಅವಕಾಶ ಕಾಯ್ದೆಯಲ್ಲಿ ಇದೆ ಅಂತ ನನಗೆ ತಿಳಿದದ್ದೇ ಆವಾಗ.

ಹೆಜ್ಜೆ 4: ನಿಮ್ಮ ಮನೆಯವರ ಕೆಲಸ ಬಂದಾಗ ಪಕ್ಕಕ್ಕೆ ಸರಿಯಿರಿ

ಪಂಚಾಯಿತಿಯ ಕೆಲಸದಲ್ಲಿ, ಗುತ್ತಿಗೆಯಲ್ಲಿ ನೇರವಾಗಿ ಆಗಲಿ ಬೇರೆಯವರ ಮೂಲಕ ಆಗಲಿ ನಿಮ್ಮ ಪಾಲು ಇದ್ದರೆ ಅದು ಅನರ್ಹತೆಗೆ ಕಾರಣ. ನಮ್ಮ ಕಡೆ ಇದು ಎಷ್ಟು ಸಾಮಾನ್ಯ ಅಂದರೆ ತಪ್ಪು ಅಂತಲೇ ಅನಿಸುವುದಿಲ್ಲ. ಭಾವನ ಟ್ರ್ಯಾಕ್ಟರ್, ತಮ್ಮನ ಸಿಮೆಂಟ್ ಅಂಗಡಿ, ಯಾರದೋ ಲೈಸೆನ್ಸಿನಲ್ಲಿ ಮೈದುನ ಮಾಡುವ ಚರಂಡಿ ಕೆಲಸ. ಬಿಲ್ ಬೇರೆಯವರ ಹೆಸರಲ್ಲಿದೆ, ನಮಗೇನು ಅನ್ನುತ್ತಾರೆ. ದುಡ್ಡು ಕೊನೆಗೆ ಯಾರ ಮನೆಗೆ ಬರುತ್ತದೆ ಅನ್ನುವುದನ್ನೂ ವಿಚಾರಣೆಯಲ್ಲಿ ನೋಡುತ್ತಾರೆ.

ಪಾಲಿಕೆಗಳಲ್ಲೂ ಇದೇ ನಿಯಮ. ಬೆಳಗಾವಿ ಮಹಾನಗರ ಪಾಲಿಕೆಯ ಇಬ್ಬರು ಸದಸ್ಯರ ಸದಸ್ಯತ್ವ ರದ್ದು ಮಾಡಿ 2025ರಲ್ಲಿ ಪ್ರಾದೇಶಿಕ ಆಯುಕ್ತರು ಆದೇಶ ಮಾಡಿದರು. ತಿನಿಸು ಕಟ್ಟೆಯ ಮಳಿಗೆಗಳು ಅವರ ಪತ್ನಿಯರ ಹೆಸರಿಗೆ ಹೋಗಿದ್ದವು ಅನ್ನುವುದು ಆರೋಪ. ಅದು ಹೈಕೋರ್ಟಿನವರೆಗೂ ಹೋಯಿತು. ಒಂದು ತಿಂಡಿ ಅಂಗಡಿಯ ಸಲುವಾಗಿ ಆರಿಸಿ ಬಂದ ಜಾಗವೇ ಅಲುಗಾಡಿತು ನೋಡಿ.

ಮಾಡಬೇಕಾದ್ದು ಇಷ್ಟು. ನಿಮಗೆ ಹಣದ ಸಂಬಂಧ ಇರುವ ವಿಷಯ ಸಭೆಗೆ ಬಂದರೆ, "ಈ ವಿಷಯದಲ್ಲಿ ನನಗೆ ಹಿತಾಸಕ್ತಿ ಇದೆ, ಚರ್ಚೆಯಲ್ಲಿ ಭಾಗವಹಿಸುವುದಿಲ್ಲ, ಮತ ಹಾಕುವುದಿಲ್ಲ" ಅಂತ ಹೇಳಿ, ನಡವಳಿಯಲ್ಲಿ ಬರೆಸಿ. ಆದರೆ ಹೀಗೆ ಹೇಳಿಬಿಟ್ಟರೆ ಗುತ್ತಿಗೆ ತೆಗೆದುಕೊಳ್ಳಬಹುದು ಅಂದುಕೊಳ್ಳಬೇಡಿ. ಗುತ್ತಿಗೆಯಲ್ಲಿ ಪಾಲು ಇರಲೇಬಾರದು.

ಹೆಜ್ಜೆ 5: ಅಧ್ಯಕ್ಷರಾಗಿದ್ದರೆ, ಡೊಂಗಲ್ ನಿಮ್ಮ ಹತ್ತಿರ ಇರಲಿ

ಹಿಂದೆ ಚೆಕ್ಕಿಗೆ ಅಧ್ಯಕ್ಷರು, ಪಿಡಿಒ ಇಬ್ಬರೂ ಸಹಿ ಹಾಕುತ್ತಿದ್ದರು. ಈಗ ಹಣ ಆನ್‌ಲೈನಿನಲ್ಲಿ ಹೋಗುತ್ತದೆ, ಸಹಿಯ ಬದಲು ಡೊಂಗಲ್ ಬಂದಿದೆ. ಬೆರಳುದ್ದದ ಪೆನ್‌ಡ್ರೈವ್ ತರಹದ್ದು. ಅದರ ಒಳಗೆ ಇರುವುದು ನಿಮ್ಮ ಡಿಜಿಟಲ್ ಸಹಿ. ಎಷ್ಟೋ ಪಂಚಾಯಿತಿಗಳಲ್ಲಿ ಅಧ್ಯಕ್ಷೆಯ ಡೊಂಗಲ್ ಕಂಪ್ಯೂಟರ್ ಆಪರೇಟರ್ ಡ್ರಾಯರಿನಲ್ಲಿ ಇರುತ್ತದೆ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೇ ರಬ್ಬರ್ ಬ್ಯಾಂಡ್ ಸುತ್ತಿರುತ್ತಾರೆ. ಇನ್ನು ಕೆಲವು ಕಡೆ ಗಂಡನ ಜೇಬಿನಲ್ಲಿ.

ದಯವಿಟ್ಟು ಹಾಗೆ ಮಾಡಬೇಡಿ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಡೊಂಗಲ್ ನಿಮ್ಮ ಬೀರುವಿನಲ್ಲಿ ಇರಲಿ, ಪಾಸ್‌ವರ್ಡ್ ನಿಮ್ಮ ತಲೆಯಲ್ಲಿ ಇರಲಿ, ಒಟಿಪಿ ಬರುವ ನಂಬರ್ ನಿಮ್ಮ ಕೈಯಲ್ಲಿರುವ ಫೋನಿನದೇ ಆಗಿರಲಿ. ಪಾವತಿ ದಿನ ನೀವೇ ಹೋಗಿ. ಪ್ರತಿ ಪಾವತಿಗೆ ಯಾವ ಠರಾವು, ಯಾವ ಬಿಲ್, ಎಂ.ಬಿ. ಪುಸ್ತಕದಲ್ಲಿ, ಅಂದರೆ ಕಾಮಗಾರಿಯ ಅಳತೆ ಪುಸ್ತಕದಲ್ಲಿ, ಜೆಇ (ಕಿರಿಯ ಎಂಜಿನಿಯರ್) ಅಳತೆ ಬರೆದಿದ್ದಾರಾ ಅಂತ ನೋಡಿ ಆಮೇಲೆ ಚುಚ್ಚಿ. ಕಂಪ್ಯೂಟರ್ ಬರಲ್ಲ ಅಂತ ನಾಚಿಕೊಳ್ಳಬೇಡಿ, ಒಂದು ವಾರ ಪಕ್ಕದಲ್ಲಿ ಕೂತರೆ ಬರುತ್ತದೆ.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಸಭೆಯಲ್ಲಿ ಅಧ್ಯಕ್ಷರ ಕುರ್ಚಿಯ ಪಕ್ಕ ಗಂಡ ಕೂತು ಮಾತಾಡುವುದನ್ನು ಈಗಲೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಅವರಿಗೆ ಅಲ್ಲಿ ಕೂರಲು ಯಾವ ಅಧಿಕಾರವೂ ಇಲ್ಲ. ಮೇಲಾಗಿ ನಾಳೆ ನೋಟಿಸ್ ಬಂದರೆ ಅದರ ಮೇಲೆ ಹೆಂಡತಿಯ ಹೆಸರು ಇರುತ್ತದೆ, ಗಂಡನದಲ್ಲ.

ಹೆಜ್ಜೆ 6: ನೋಟಿಸ್ ಬಂದರೆ

ಮೊದಲು ಅದು ಯಾವ ಪ್ರಕರಣದ ಕೆಳಗೆ ಬಂದಿದೆ ಅಂತ ನೋಡಿ. ಕರ್ತವ್ಯದಲ್ಲಿ ದುರ್ನಡತೆ, ನಾಚಿಕೆಗೇಡಿನ ನಡತೆ ಅಂತ ಸದಸ್ಯರನ್ನು ತೆಗೆಯುವುದು 43ಎ. ಅಧ್ಯಕ್ಷ, ಉಪಾಧ್ಯಕ್ಷರನ್ನು ದುರ್ನಡತೆಗೆ ಅಥವಾ ಪದೇ ಪದೇ ಕರ್ತವ್ಯ ಬಿಟ್ಟಿದ್ದಕ್ಕೆ ತೆಗೆಯುವುದು 48(4). ಎರಡರಲ್ಲೂ ತೆಗೆಯುವ ಅಧಿಕಾರ ಸರ್ಕಾರದ್ದು, ಎರಡರಲ್ಲೂ ನಿಮ್ಮ ಮಾತು ಕೇಳಿಯೇ ತೀರ್ಮಾನ ಮಾಡಬೇಕು. ಊರಿನ ಮುಖಂಡರು ಸೇರಿ "ಇವತ್ತಿಂದ ನೀನು ಮೆಂಬರ್ ಅಲ್ಲ" ಅಂದರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಅವಿಶ್ವಾಸ ಬೇರೆ. ಅದು ಶಿಕ್ಷೆ ಅಲ್ಲ, ರಾಜಕೀಯ. 49ನೇ ಪ್ರಕರಣದ ಪ್ರಕಾರ ಅರ್ಧದಷ್ಟಾದರೂ ಸದಸ್ಯರು ಸಹಿ ಹಾಕಿ ಉಪವಿಭಾಗಾಧಿಕಾರಿಗೆ ಕೊಡಬೇಕು, ಅವರು ಸಭೆ ಕರೆಯುತ್ತಾರೆ, ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಅಧ್ಯಕ್ಷ ಸ್ಥಾನ ಹೋಗುತ್ತದೆ. ಸದಸ್ಯತ್ವ ಉಳಿಯುತ್ತದೆ.

ಶಿಸ್ತಿನ ನೋಟಿಸಿಗೆ ಉತ್ತರ ಕೊಡದೆ ಇರುವುದು ದೊಡ್ಡ ತಪ್ಪು. ಹೆದರಿ ಮನೆಯಲ್ಲಿ ಇಟ್ಟುಕೊಂಡು, ಯಾರಿಗೂ ಹೇಳದೆ, ಕೊನೆಗೆ ಏಕಪಕ್ಷೀಯ ಆದೇಶ ಆಗಿ ಅತ್ತವರನ್ನು ನೋಡಿದ್ದೇನೆ. ನೋಟಿಸ್ ತಲುಪಿದ ದಿನಾಂಕ ಬರೆದಿಡಿ. ಅದರಲ್ಲಿ ಹೇಳಿರುವ ವರದಿ, ದೂರು, ಫೋಟೊಗಳ ಪ್ರತಿ ಕೊಡಿ ಅಂತ ತಕ್ಷಣ ಲಿಖಿತವಾಗಿ ಕೇಳಿ. ಪ್ರತಿ ಸಿಗದೆ ಉತ್ತರ ಕೊಡಲು ಆಗುವುದಿಲ್ಲ, ಸಮಯ ಬೇಕು ಅಂತ ಅದೇ ಪತ್ರದಲ್ಲಿ ಸೇರಿಸಿ. ಆಮೇಲೆ ಒಂದೊಂದು ಆರೋಪಕ್ಕೂ ಬೇರೆ ಬೇರೆ ಉತ್ತರ, ಪ್ರತಿ ಉತ್ತರಕ್ಕೂ ಒಂದು ದಾಖಲೆ. ನಿಮ್ಮ ವಿರೋಧ ಇರುವ ನಡವಳಿ, ಇಒಗೆ ಕಳಿಸಿದ ಪತ್ರ, ಪೋಸ್ಟಿನ ಚೀಟಿ ಎಲ್ಲ ಕೆಲಸಕ್ಕೆ ಬರುವುದು ಇಲ್ಲೇ.

ವಕೀಲರಿಗೆ ದುಡ್ಡಿಲ್ಲ ಅಂತ ಬಿಡಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯೇ ಕೊಟ್ಟ ಹಕ್ಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಆದೇಶ ನಿಮ್ಮ ವಿರುದ್ಧ ಆದರೆ ಹೈಕೋರ್ಟಿಗೆ ರಿಟ್ ಹಾಕಬಹುದು. ಉತ್ತರ ಕರ್ನಾಟಕದವರು ಬೆಂಗಳೂರಿಗೇ ಹೋಗಬೇಕಾಗಿಲ್ಲ, ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ.

ಕೋರ್ಟುಗಳು ಆರಿಸಿ ಬಂದವರ ಪರ ನಿಂತದ್ದುಂಟು. ಛತ್ತೀಸ್‌ಗಢದ ಜಶ್‌ಪುರ ಜಿಲ್ಲೆಯ ಸಾಜಬಹಾರ್ ಪಂಚಾಯಿತಿಯ ಯುವತಿ ಸರಪಂಚರನ್ನು (ನಮ್ಮಲ್ಲಿ ಅಧ್ಯಕ್ಷರಿದ್ದ ಹಾಗೆ) ಕಾಮಗಾರಿ ತಡವಾಯಿತು ಅಂತ ಅಧಿಕಾರಿಗಳು ತೆಗೆದಿದ್ದರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೂರಿಸಿತು. ಅವರಿಗಾದ ಕಿರುಕುಳಕ್ಕೆ 1 ಲಕ್ಷ ರೂಪಾಯಿ ಕೊಡಿ ಅಂತ ರಾಜ್ಯ ಸರ್ಕಾರಕ್ಕೆ ಹೇಳಿತು. ಈ ತೀರ್ಪನ್ನು ನಿಮ್ಮ ವಕೀಲರಿಗೆ ನೆನಪಿಸಿ.

ಹೆಜ್ಜೆ 7: ನಿಮಗಿರುವ ರಕ್ಷಣೆ, ಅದರ ಮಿತಿ

ಕೆಲಸ ಮಾಡುವಾಗ ನಿಮ್ಮ ಮೇಲೆ ಕೈ ಮಾಡಿದರೆ, ಬಲ ಬಳಸಿ ತಡೆದರೆ ಅದು ಸಾರ್ವಜನಿಕ ಸೇವಕರ ಮೇಲಿನ ಅಪರಾಧ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಿಂದಿನ ದಂಡ ಸಂಹಿತೆಯಲ್ಲಿ 353ನೇ ಪ್ರಕರಣ ಅನ್ನುತ್ತಿದ್ದದ್ದು ಈಗ 132. ದೂರು ಬರೆಯುವಾಗ ಯಾವ ಅಧಿಕೃತ ಕೆಲಸದಲ್ಲಿ ಇದ್ದೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. "ದಾರಿಯಲ್ಲಿ ಹೋಗುವಾಗ ಬೈದರು" ಅಂತ ಬರೆದರೆ ಈ ಪ್ರಕರಣ ನಿಲ್ಲುವುದಿಲ್ಲ. "ನೀರಿನ ಪೈಪ್‌ಲೈನ್ ಪರಿಶೀಲನೆಗೆ ಹೋದಾಗ ತಡೆದರು" ಅಂದರೆ ನಿಲ್ಲುತ್ತದೆ, ಅದು ನಿಜವಾಗಿದ್ದರೆ.

ದಲಿತ, ಆದಿವಾಸಿ ಸದಸ್ಯರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಲ್ಲಿ 3(1)(ಎಂ) ಅಂತ ಒಂದು ಕಲಮು ಸೇರಿದೆ. ಪಂಚಾಯಿತಿಯ ಪರಿಶಿಷ್ಟ ಸದಸ್ಯರು, ಅಧ್ಯಕ್ಷರು ತಮ್ಮ ಕೆಲಸ ಮಾಡದಂತೆ ಬೆದರಿಸುವುದು, ತಡೆಯುವುದೇ ಒಂದು ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ. ಬಡಿದಿರಬೇಕು, ರಕ್ತ ಬಂದಿರಬೇಕು ಅಂತೇನಿಲ್ಲ. 2020ರ ಅಕ್ಟೋಬರಿನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈ ಪಂಚಾಯಿತಿಯ ದಲಿತ ಅಧ್ಯಕ್ಷೆಯನ್ನು ಸಭೆಯಲ್ಲಿ ನೆಲದ ಮೇಲೆ ಕೂರಿಸಿದ ಫೋಟೊ ದೇಶಕ್ಕೆಲ್ಲ ಗೊತ್ತಾಯಿತು, ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ದಾಖಲಾಯಿತು. ಕುರ್ಚಿ ಕೊಡದಿದ್ದರೆ, ಧ್ವಜ ಹಾರಿಸಲು ಬಿಡದಿದ್ದರೆ, ಸಭೆಯ ನೋಟಿಸನ್ನೇ ಕೊಡದೆ ಇದ್ದರೆ ನುಂಗಿಕೊಂಡು ಇರಬೇಡಿ, ದಿನಾಂಕ ಬರೆದಿಟ್ಟು ದೂರು ಕೊಡಿ.

ಇನ್ನು ಪೂರ್ವಾನುಮತಿಯ ವಿಷಯ. ಸರ್ಕಾರದ ಅನುಮತಿ ಇಲ್ಲದೆ ತೆಗೆಯಲಾಗದ ಸಾರ್ವಜನಿಕ ಸೇವಕರು ತಮ್ಮ ಕರ್ತವ್ಯದಲ್ಲಿ ಮಾಡಿದ ಕೆಲಸಕ್ಕೆ ಕೋರ್ಟು ಕೇಸು ಕೈಗೆತ್ತಿಕೊಳ್ಳಲು ಸರ್ಕಾರದ ಅನುಮತಿ ಬೇಕು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 120 ದಿನದೊಳಗೆ ಸರ್ಕಾರ ಏನೂ ಹೇಳದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲೂ 2018ರಿಂದ ಅಧಿಕೃತ ತೀರ್ಮಾನಗಳ ಬಗ್ಗೆ ವಿಚಾರಣೆ ಶುರು ಮಾಡಲು ಮುಂಚೆ ಒಪ್ಪಿಗೆ ಬೇಕು ಅಂತ 17ಎ ಸೇರಿದೆ. ಇದನ್ನು ಕೇಳಿ ನೆಮ್ಮದಿಯಾಗಿ ಮಲಗಬೇಡಿ. ದುಡ್ಡು ತೆಗೆದುಕೊಳ್ಳುವಾಗ ಕೈಯಲ್ಲೇ ಸಿಕ್ಕಿಬಿದ್ದರೆ ಆ 17ಎ ಒಪ್ಪಿಗೆ ಬೇಕಾಗಿಲ್ಲ. ಸುಳ್ಳು ಬಿಲ್ ಮಾಡುವುದನ್ನು ಕರ್ತವ್ಯದ ಭಾಗ ಅಂತ ಯಾವ ಕೋರ್ಟಿನಲ್ಲಿ ಹೇಳಲು ಆಗುತ್ತದೆ, ಹೇಳಿ.

ಹೆಜ್ಜೆ 8: ಇದು ಊರಿನವರಿಗೆ

ನೀವು ಸದಸ್ಯರಲ್ಲ, ಆದರೆ ನಿಮ್ಮ ಬೀದಿಯ ಚರಂಡಿಯ ಮೇಲೆ ಅನುಮಾನ ಇದೆ ಅಂದುಕೊಳ್ಳಿ. ಮೊದಲೇ ಲೋಕಾಯುಕ್ತಕ್ಕೆ ಹೋಗಬೇಡಿ. ಮೊದಲು ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ, ಕಾಗದ ಕೈಗೆ ಬರಲಿ. ಪಿಡಿಒ ಅವರೇ ಮಾಹಿತಿ ಅಧಿಕಾರಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. "ಯಾಕೆ ಕಳಪೆ ಮಾಡಿದಿರಿ" ಅಂತ ಪ್ರಶ್ನೆ ಕೇಳಿದರೆ ಉತ್ತರ ಬರಲ್ಲ, ದಾಖಲೆ ಕೇಳಿ. ಇಂಥ ಕಾಮಗಾರಿಯ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಎಂ.ಬಿ. ಪುಸ್ತಕದ ಪುಟಗಳು, ಬಿಲ್, ಒಪ್ಪಿಗೆ ಕೊಟ್ಟ ಸಭೆಯ ನಡವಳಿ, ಇವುಗಳ ದೃಢೀಕೃತ ಪ್ರತಿ. ಒಂದು ಅರ್ಜಿಯಲ್ಲಿ ಒಂದೇ ಕಾಮಗಾರಿ, ಚಿಕ್ಕದಾಗಿ ಬರೆಯಿರಿ. 30 ದಿನದಲ್ಲಿ ಕೊಡಬೇಕು. ಕೊಡದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಲೋಕಾಯುಕ್ತಕ್ಕೆ ಹೋಗುವುದಾದರೆ ಅದಕ್ಕೆ ನಮೂನೆ ಇದೆ, ಜೊತೆಗೆ ಅಫಿಡವಿಟ್ ಬೇಕು. 2016ರಲ್ಲಿ ಬಂದ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) 2022ರ ಆಗಸ್ಟಿನಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಲಂಚದ ಟ್ರ್ಯಾಪ್ ಮಾಡುವುದೂ ಲೋಕಾಯುಕ್ತ ಪೊಲೀಸರೇ. ಬಲವಂತಕ್ಕೆ ಲಂಚ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ದೂರು ಕೊಡಿ, ಇಲ್ಲದಿದ್ದರೆ ಕೊಟ್ಟವರೂ ಆರೋಪಿಯಾಗಬಹುದು. ಹಳೇ ಜಗಳಕ್ಕೆ ಸುಳ್ಳು ದೂರು ಹಾಕಬೇಡಿ, ಅದಕ್ಕೂ ಶಿಕ್ಷೆ ಇದೆ. ಅಷ್ಟೇ ಅಲ್ಲ, ಒಳ್ಳೆಯ ಸದಸ್ಯರು ಬೇಸತ್ತು ಮನೆ ಸೇರುವುದು ಇಂಥ ದೂರುಗಳಿಂದಲೇ.

ಎಂ.ಬಿ. ಪುಟದ ಪ್ರತಿ ಕೈಗೆ ಬಂದ ಮೇಲೆ ಒಂದು 30 ಮೀಟರ್ ಟೇಪ್ ತೆಗೆದುಕೊಂಡು, ಬೀದಿಯ ಇಬ್ಬರು ಹೆಣ್ಣುಮಕ್ಕಳನ್ನೂ ನಿಮ್ಮ ವಾರ್ಡಿನ ಸದಸ್ಯರನ್ನೂ ಕರೆದುಕೊಂಡು ಚರಂಡಿಯ ಹತ್ತಿರ ಹೋಗಿ. ಪುಟದಲ್ಲಿ ಉದ್ದ ಎಷ್ಟು ಬರೆದಿದೆ, ಟೇಪಿನಲ್ಲಿ ಎಷ್ಟು ಬಂತು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಗ್ರಾಮಸಭೆ 6 ತಿಂಗಳಿಗೊಮ್ಮೆ ನಡೆಯಲೇಬೇಕು. ಅವತ್ತು ಆ ಹಾಳೆಯನ್ನು ಎಲ್ಲರ ಮುಂದೆ ಓದಿ, ನಡವಳಿಯಲ್ಲಿ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಪುಟದ ಕೊನೆಯಲ್ಲಿ ಜಾಗ ಉಳಿದಿದ್ದರೆ ಅಡ್ಡ ಗೆರೆ ಎಳೆಯಲು ಹೇಳಿ.